ಒಲೆಯಿಂದ ಬಂದ ಇಪ್ಪತ್ತೆಂಟು ಪದಗಳು

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಯೂಫ್ರೆಟಿಸ್ ದಂಡೆಯಲ್ಲಿ ಗನೀಮಾ ಅವರು ಮೊಣಕಾಲೂರಿ, ಹಳೆಯ ಬಟ್ಟೆಯಲ್ಲಿ ಕೆಸರು ಸೋಸುತ್ತಿದ್ದಾರೆ. ಚಿಟಿಕೆಯಷ್ಟು ಮಣ್ಣನ್ನು ಬಾಯಿಗಿಟ್ಟು ಮುಂಬಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಕರಕರ ಎಂದರೆ ಮತ್ತೆ ಸೋಸಬೇಕು. ಮೂರನೆಯ ಸಲಕ್ಕೆ ಅವರ ಮುಖ ಅರಳುತ್ತದೆ.

"ಗಂಡನ್ನ ಒಪ್ಪೋವಾಗ್ಲೂ ನಾನು ಇಷ್ಟು ಪರೀಕ್ಷೆ ಮಾಡಿರ್ಲಿಲ್ಲ" ಎಂದು ಉಗುಳಿ ನಗುತ್ತಾರೆ.

ನಾನು ಈ ವರ್ಷವಷ್ಟೇ ಪಾಠ ಹೇಳಲು ಸೇರಿದ ನಮ್ಮೂರಿನ ಹೆಣ್ಣುಮಕ್ಕಳ ಶಾಲೆಯ ಐದನೇ ತರಗತಿಗೆ ಪ್ರಾಚೀನ ನಾಗರಿಕತೆಗಳ ಪಾಠವಿದೆ. ಅದರ ಕೊನೆಯಲ್ಲಿ ಇಪ್ಪತ್ತೆಂಟು ಕಠಿಣ ಪದಗಳ ಪಟ್ಟಿ. ನಗರರಾಜ್ಯ, ಲಿಪಿಕಾರ, ಪುರೋಹಿತ, ಬಹುದೇವತಾರಾಧನೆ, ಹೀಗೆ. ಪ್ರತಿ ಪದಕ್ಕೂ ಅಂಗೈಯಗಲದ ಒಂದು ಮಣ್ಣಿನ ಬಿಲ್ಲೆ. ಒಂದು ಬದಿಗೆ ಗನೀಮಾ ಜೊಂಡಿನ ಕಡ್ಡಿಯಿಂದ ಚಿತ್ರ ಕೊರೆಯುತ್ತಾರೆ, ಇನ್ನೊಂದು ಬದಿಗೆ ಟೀಚರ್ ಇಬ್ತಿಹಾಲ್ ಪದ ಬರೆಯುತ್ತಾರೆ. ಗನೀಮಾ ಅವರಿಗೆ ಓದಲು ಬಾರದು. ಊರಾಚೆಯ ಹಳೆಯ ದಿಬ್ಬದಲ್ಲಿ ಅವರ ತಂದೆ ಉತ್ಖನನದ ಕೂಲಿಯಾಗಿದ್ದರು. ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ಹುಡುಗಿ ಗನೀಮಾ ಅಲ್ಲೇ ಕೂತು ಪದಗಳನ್ನು ಕಿವಿಯಿಂದಲೇ ಹೆಕ್ಕಿಕೊಂಡಳು.

"ಬಹುದೇವತಾರಾಧನೆ ಅಂದ್ರೆ ನದಿಗೊಬ್ಬ, ಗಾಳಿಗೊಬ್ಬ, ಕಣಜಕ್ಕೊಬ್ಬಳು. ಎಲ್ಲರಿಗೂ ಬೇರೆ ಬೇರೆ ನೈವೇದ್ಯ! ಪಾಪ, ಆ ಕಾಲದ ಹೆಂಗಸರು. ನನಗೆ ಒಬ್ಬ ಅತ್ತೆಗೆ ಬಡಿಸೋದ್ರಲ್ಲೇ ಸಾಕಾಗಿತ್ತು."

ಹನ್ನೊಂದು ವರ್ಷಗಳಿಂದ ಇದೇ ಕೆಲಸ. ಮಕ್ಕಳು ಬಿಲ್ಲೆಗಳನ್ನು ಮನೆಗೆ ಒಯ್ಯುವುದರಿಂದ ಪ್ರತಿ ವರ್ಷವೂ ಹೊಸದಾಗಿ ಮಾಡಬೇಕು. ಮೂರು ದಿನ ನೆರಳಿನಲ್ಲಿ ಒಣಗಿಸಿ, ದಿನಕ್ಕೆ ನಾಲ್ಕು ಸಲ ಮಗುಚಬೇಕು. ಚಳಿಗಾಲದ ನೀರಿಗೆ ಬೆರಳುಗಳು ಬಿರಿಯುತ್ತವೆ. ಎಮ್ಮೆ ಹಾಲಿನ ಕೆನೆ ಸವರಿಕೊಂಡು ಮಲಗುತ್ತಾರೆ.

ಈ ಸಲ ಆತಂಕ ಬೇರೆ ಇದೆ. ಬುಧವಾರ ಶಿಕ್ಷಣ ಇಲಾಖೆಯ ತನಿಖಾಧಿಕಾರಿ ಬರುತ್ತಾರೆ. ಪುಸ್ತಕವಿರುವಾಗ ಮಣ್ಣಿನ ಆಟಿಕೆ ಏಕೆ ಎಂಬುದು ಅವರ ಪ್ರಶ್ನೆ. ತರಗತಿ ನೋಡಿ, ಬಿಲ್ಲೆಗಳು ಇರಬೇಕೋ ಬೇಡವೋ ತೀರ್ಮಾನಿಸುತ್ತಾರಂತೆ.

"ಬೇಡ ಅಂದ್ರೆ ನಾನೇನು ಜಗಳಕ್ಕೆ ಹೋಗ್ತೀನಾ?" ಎನ್ನುತ್ತಾರೆ ಗನೀಮಾ. ಮಗುಚುತ್ತಿದ್ದ ಬಿಲ್ಲೆ ಕೆಳಗಿಟ್ಟು, "ಆದ್ರೆ ಬೆಳಿಗ್ಗೆ ಏಳೋದಕ್ಕೆ ಒಂದು ನೆಪ ಬೇಕಲ್ಲ, ಮಗಳೇ."

ಮಂಗಳವಾರ ರೊಟ್ಟಿ ಸುಟ್ಟಾದ ಮೇಲೆ, ತಣಿಯುತ್ತಿರುವ ಕೆಂಡದ ಮೇಲೆ ಬಿಲ್ಲೆಗಳನ್ನು ಜೋಡಿಸಿ ಒಲೆಯ ಬಾಯಿ ಮುಚ್ಚುತ್ತಾರೆ. ಮಂದ ಉರಿಯಲ್ಲಿ ಅವು ಸಂಜೆಯವರೆಗೆ ಬೇಯಬೇಕು. ಆದರೆ ಈ ಮಣ್ಣಿನ ತನ್ನೂರ್ ಒಲೆ ನಾಲ್ಕು ಮನೆಗಳದು. ಪಕ್ಕದ ಮನೆಯ ಉಮ್ಮು ಜವಾದ್‌ಗೆ ದಿಢೀರನೆ ನೆಂಟರು ಬರುತ್ತಾರೆ. ಒಳಗೆ ಇಣುಕದೆ ಒಂದು ಕಂತೆ ಒಣ ಜೊಂಡು ತುರುಕಿ ಬೆಂಕಿ ಹಚ್ಚಿಬಿಡುತ್ತಾರೆ.

ಡಬ್. ಡಬ್. ಡಬ್.

"ಅಯ್ಯೋ ಉಮ್ಮು ರಬಾಬ್! ನಿನ್ನ ಒಲೆಗೆ ಜಿನ್ನು ಹೊಕ್ಕಿದೆ!" ಎಂಬ ಕೂಗಿಗೆ ಗನೀಮಾ ಓಡಿ ಬರುತ್ತಾರೆ. ಊರಿಗೆ ಅವರು ರಬಾಬಳ ಅಮ್ಮ.

"ಜಿನ್ನು ಹೊರಗೇ ನಿಂತಿದೆಯಲ್ಲೇ, ಕೈಯಲ್ಲಿ ಹಿಟ್ಟಿನ ಉಂಡೆ ಹಿಡ್ಕೊಂಡು!"

ಇಪ್ಪತ್ತೆಂಟರಲ್ಲಿ ಹತ್ತೊಂಬತ್ತು ಒಡೆದಿವೆ. ಇಬ್ಬರೂ ಬೂದಿ ಕೆದಕಿ ಚೂರುಗಳನ್ನು ಆರಿಸುತ್ತಾರೆ. ಉಮ್ಮು ಜವಾದ್ ಅಳುತ್ತಾರೆ, ನಡುವೆ ನೆಂಟರಿಗೆ ರೊಟ್ಟಿಯನ್ನೂ ಸುಡುತ್ತಾರೆ. ಹೊಸದಾಗಿ ಮಾಡಲು ಸಮಯವಿಲ್ಲ.

ಬುಧವಾರ ರೊಟ್ಟಿಯ ತಟ್ಟೆಯಲ್ಲಿ ಚೂರುಗಳನ್ನು ಹೊತ್ತು ಗನೀಮಾ ಶಾಲೆಗೆ ಬರುತ್ತಾರೆ. ನಾನು ಕಿಟಕಿಯ ಬಳಿ ನಿಂತಿದ್ದೇನೆ. ಅವರ ಮುಖ ನೋಡಲು ಧೈರ್ಯವಿಲ್ಲ.

"ಇದೇನಮ್ಮ, ಒಡೆದ ಮಡಕೆನಾ?" ಎನ್ನುತ್ತಾರೆ ತನಿಖಾಧಿಕಾರಿ ರಾಜಿಹ್.

ಗನೀಮಾ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಬೆಂಚಿನ ತೀಬಾ ಎದ್ದು ನಿಲ್ಲುತ್ತಾಳೆ. "ಉಸ್ತಾದ್, ದಿಬ್ಬದಲ್ಲಿ ಸಿಗೋದೂ ಹಿಂಗೇ. ಇಡಿಯಾಗಿರೋದು ಅಪರೂಪ. ಜೋಡಿಸ್ಬೇಕು, ಆಮೇಲೆ ಓದ್ಬೇಕು."

ಹೇಳಿದ್ದೇ ತಡ, ಇಡೀ ತರಗತಿ ನೆಲಕ್ಕಿಳಿಯುತ್ತದೆ. ಚೂರು ಸೇರಿಸಬೇಕಾದರೆ ಪದ ಗೊತ್ತಿರಬೇಕು. "ಕಡ್ಡಿ ಹಿಡಿದ ಕೈ ಇಲ್ಲಿದೆ, ಲಿಪಿಕಾರನ ಮಿಕ್ಕ ಮೈ ಯಾರ ಹತ್ರ?" "ಏಯ್, ಅದು ನನ್ನ ಗೋಪುರದ ಮೆಟ್ಟಿಲು, ಕೊಡೇ!" ತನಿಖಾಧಿಕಾರಿಗೂ ಸುಮ್ಮನಿರಲಾಗುವುದಿಲ್ಲ. ಪ್ಯಾಂಟು ಮಡಚಿ ಕೂತು ಎರಡು ಚೂರು ಜೋಡಿಸುತ್ತಾರೆ.

"ಉಸ್ತಾದ್, ಪುರೋಹಿತನಿಗೆ ಬಾಲ ಬಂತು!"

ಬಲಿಪಶುವಿನ ಹಿಂಭಾಗ ಅವರ ಕೈಯಲ್ಲಿದೆ. ನಗುವಿಗೆ ಗೋಡೆ ನಡುಗುತ್ತದೆ. ಅವರೂ ಕಣ್ಣೊರೆಸಿಕೊಂಡು ನಗುತ್ತಾರೆ. ಹತ್ತೊಂಬತ್ತೂ ಕೂಡಿಬರುತ್ತವೆ. ಹತ್ತೊಂಬತ್ತರ ಅರ್ಥವನ್ನೂ ಪುಸ್ತಕ ಮುಟ್ಟದೆ ಹುಡುಗಿಯರು ಹೇಳುತ್ತಾರೆ.

"ಬಿಲ್ಲೆಗಳು ಇರ್ಲಿ" ಎನ್ನುತ್ತಾರೆ ರಾಜಿಹ್, ಮುಂದಿಟ್ಟ ಚಹಾ ತಣ್ಣಗಾದದ್ದು ಗಮನಿಸದೆ. "ಮುಂದಿನ ವರ್ಷ ಒಡೆದೇ ಕೊಡಿ, ತಾಯಿ."

"ಒಡೆಯೋದು ನನಗೆ ಬರಲ್ಲ ಉಸ್ತಾದ್. ಅದಕ್ಕೆ ಉಮ್ಮು ಜವಾದ್ ಇದ್ದಾಳೆ."

ಗುರುವಾರ ಬೆಳಗಿನ ಜಾವ ಗನೀಮಾ ಮತ್ತೆ ದಂಡೆಯಲ್ಲಿದ್ದಾರೆ. ಪಕ್ಕದ ಊರಿನ ಶಾಲೆಯೂ ಬಿಲ್ಲೆ ಕೇಳಿದೆ. ಬಟ್ಟೆಯ ಇನ್ನೊಂದು ತುದಿ ಹಿಡಿದವರು ಉಮ್ಮು ಜವಾದ್. ಸೋಸಿದ ಮಣ್ಣನ್ನು ತಟ್ಟುವಾಗ ಪ್ರತಿ ಬಿಲ್ಲೆಯ ಅಂಚಿನಲ್ಲೂ ಗನೀಮಾ ಹೆಬ್ಬೆರಳು ಒತ್ತುವುದು ನನ್ನ ಕಣ್ಣಿಗೆ ಬೀಳುವುದು ಈಗಲೇ. ಏಕೆಂದು ಕೇಳುತ್ತೇನೆ.

"ದಿಬ್ಬದ ಬಿಲ್ಲೆಗಳ ಮೇಲೂ ಬೆರಳಿನ ಗುರುತು ಇರ್ತಿತ್ತು, ಅಪ್ಪ ತೋರಿಸ್ತಿದ್ದ. ಇವೂ ಯಾವತ್ತೋ ಒಂದಿನ ಯಾರಿಗೋ ಸಿಗ್ಲಿ. ನನ್ನ ಹೆಬ್ಬೆಟ್ಟು ನೋಡಿ, 'ಯಾರೋ ಹೆಂಗಸು, ರೊಟ್ಟಿ ಹಿಟ್ಟಿನ ಕೈ ಸರಿಯಾಗಿ ತೊಳೆದಿರ್ಲಿಲ್ಲ' ಅಂದ್ರೂ ಸಾಕು."