ಅಕ್ಕಚ್ಚಿನ ಮರಿಗೆಯ ವಿಮಾನ

ಬ್ರಹ್ಮಾವರದಲ್ಲಿ ಗುಜರಿ ಅಂಗಡಿ ಇಟ್ಟಿರುವ ಸುಗಂಧಿ, ಲೋಹದ ತುಂಡು ಯಾವುದೇ ಇರಲಿ, ಮೊದಲು ಬೆರಳ ಗಂಟಿನಿಂದ ತಟ್ಟಿ ಕಿವಿಗೊಡುತ್ತಾಳೆ. ಮುಂಬೈಯ ಕುರ್ಲಾದಲ್ಲಿ ಇಪ್ಪತ್ತೆರಡು ವರ್ಷ ಗುಜರಿ ವಿಂಗಡಿಸಿದ ಕೈ ಅದು. ವಾಯುಪಡೆಯಲ್ಲಿ ದುಡಿದು ನಿವೃತ್ತನಾಗಿದ್ದ ಶಿಂಧೆ ಎಂಬ ಮುದುಕ ಮೇಸ್ತ್ರಿ ಅಲ್ಲಿ ಅವಳಿಗೆ ವಿಮಾನ ಓದಲು ಕಲಿಸಿದ್ದ. ಹರಾಜಿನಲ್ಲಿ ಬಂದ ಹಳೇ ಯುದ್ಧವಿಮಾನಗಳ ಚೂರುಗಳನ್ನು ಮುಂದಿಟ್ಟುಕೊಂಡು, ರಿವೆಟ್ಟಿನ ಸಾಲು ನೋಡು, ಒಳಗಿನ ಬಣ್ಣ ನೋಡು, ಒತ್ತಿದ ಸಂಖ್ಯೆ ಹುಡುಕು ಎನ್ನುತ್ತಿದ್ದ. ಉಳಿದವರು ತಕ್ಕಡಿ ನೋಡುತ್ತಿದ್ದರೆ ಸುಗಂಧಿ ಸಂಖ್ಯೆ ನೋಡುತ್ತಿದ್ದಳು. ಊರಿಗೆ ಮರಳಿದರೂ ಆ ಹುಚ್ಚು ಇಳಿಯಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಡಕೋಟಾದ ಸೀಟು, ನ್ಯಾಟ್ ವಿಮಾನದ ಗಡಿಯಾರ, ಕ್ಯಾನ್‌ಬೆರಾದ ಹಿಡಿಕೆ ಎಲ್ಲ ಎಣ್ಣೆ ಒರೆಸಿಕೊಂಡು ಕೂತಿವೆ. ಯಾವುದೂ ಮಾರಾಟಕ್ಕಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹಳೇ ದೋಣಿ ಇಂಜಿನ್ನೊಂದನ್ನು ತರಲೆಂದು ಅವಳು ಮರವಂತೆಗೆ ಹೋದಳು. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಅಣ್ಣ ಪಾಂಡು ಟೆಂಪೋ ಓಡಿಸಿದ್ದ. ಇಂಜಿನ್ ಇದ್ದದ್ದು ಮೀನು ಮಾರುವ ಜಲಜಳ ಮನೆಯಲ್ಲಿ. ಅಂಗಳಕ್ಕೆ ಕಾಲಿಟ್ಟ ಸುಗಂಧಿ ಇಂಜಿನ್ನಿನ ಕಡೆ ಹೋಗಲೇ ಇಲ್ಲ. ಕೊಟ್ಟಿಗೆಯ ಮುಂದೆ ದನವೊಂದು ಅಕ್ಕಿ ತೊಳೆದ ನೀರಿನ ಅಕ್ಕಚ್ಚು ಕುಡಿಯುತ್ತಿತ್ತು. ಅದರ ಮೂತಿಯ ಕೆಳಗೆ ಬೂದು ಬಣ್ಣದ ಲೋಹದ ಮರಿಗೆ, ಅಂಚಿನುದ್ದಕ್ಕೂ ಒತ್ತೊತ್ತಾಗಿ ರಿವೆಟ್ಟು!

ಬಗ್ಗಿ ತಟ್ಟಿದಳು. ಹಗುರ ಅಲ್ಯುಮಿನಿಯಮ್ಮಿನ ಸದ್ದು.

"ಜಲಜಕ್ಕಾ, ಇದ್ ಎಲ್ಲಿ ಸಿಕ್ತ್ ನಿಮ್ಗೆ?"

"ನಮ್ ಮಾವನ ಮೀನಿನ್ ಬಲಿಗೆ ಬಿದ್ದದ್ದಂಬ್ರ್. ನಾನ್ ಮದಿಯಾಯಿ ಈ ಮನಿಗ್ ಬಪ್ಪತಿಗೇ ಇಲ್ಲಿತ್ತ್. ಎಂತಕೆ?"

"ವಿಮಾನದ್!"

ಜಲಜ ನಕ್ಕಳು. ಸುಗಂಧಿಗೆ ನಗಲೂ ಪುರಸೊತ್ತಿಲ್ಲ. ಜೆಟ್ ವಿಮಾನದ ಹೊಟ್ಟೆಯಡಿ ತೂಗುಬಿಡುವ ಇಂಧನದ ಟ್ಯಾಂಕಿನ ತುಂಡಿರಬೇಕು ಎಂದುಕೊಂಡಳು. ಆದರೆ ಆಕಾರ ಒಪ್ಪುತ್ತಿರಲಿಲ್ಲ. ಟ್ಯಾಂಕು ದುಂಡಗಿರಬೇಕು, ಇದರ ಅಡಿ ಚೂಪಾಗಿತ್ತು. ಅಷ್ಟರಲ್ಲಿ ಪಾಂಡು ಮಂಡಿಯೂರಿ ಕೂತು ಅಡಿಭಾಗದ ಮೇಲೆ ಅಂಗೈ ಸವರಿದ.

"ಹ್ವಾಯ್, ಇದ್ ದೋಣಿ ಕಣೆ," ಎಂದ. "ನೀರ್ ಸೀಳುಕೇ ಮಾಡದ್ದ್. ಮೂವತ್ತ್ ವರ್ಷ ನಾನ್ ಎಂತ ಮಾಡ್ದೆ ಹೇಳ್?"

ನೀರಿನ ಮೇಲೆ ಕೂರುವ ವಿಮಾನ! ಸುಗಂಧಿ ದನವನ್ನು ಆಚೆ ಕಟ್ಟಿಸಿ, ಅಕ್ಕಚ್ಚು ಚೆಲ್ಲಿಸಿ, ತೆಂಗಿನ ನಾರು ಹುಣಸೆಹುಳಿ ಹಿಡಿದು ಒಳಗಿನ ಪಟ್ಟಿಗಳನ್ನು ಒಂದೊಂದಾಗಿ ಉಜ್ಜತೊಡಗಿದಳು. ಮೂರನೆಯ ಪಟ್ಟಿಯಲ್ಲಿ ಅಂಕಿ ಮೂಡಿತು. ಎರಡು. ಆಮೇಲೆ ಎಂಟು.

"ಇಪ್ಪತ್ತೆಂಟು! ಪಾಂಡಣ್ಣ, ಇಪ್ಪತ್ತೆಂಟು!" ಎಂದು ಕೂಗಿಯೇಬಿಟ್ಟಳು. ಒತ್ತಿದ ಸಂಖ್ಯೆ ಇಪ್ಪತ್ತೆಂಟರಿಂದ ಶುರುವಾದರೆ ವಿಮಾನ ಕೆಟಲೀನಾ ಎಂದು ಶಿಂಧೆ ಹೇಳಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಡಲಿಗೇ ಇಳಿದು ಕಡಲಿಂದಲೇ ಏರುತ್ತಿದ್ದ ವಿಮಾನ. ನೀರಿನಲ್ಲಿ ವಾಲದಂತೆ ಅದರ ಎರಡೂ ರೆಕ್ಕೆಗಳಿಗೆ ದೋಣಿಯಾಕಾರದ ಒಂದೊಂದು ಪುಟ್ಟ ತೇಲು. ಇದು ಅಂಥ ತೇಲಿನ ಮುಂದಿನರ್ಧ. ಮೇಲಿನ ತಗಡು ತೆಗೆದು, ಹಿಂಬದಿಯನ್ನು ಯಾರೋ ಗರಗಸದಲ್ಲಿ ಕೊಯ್ದು, ಆ ಬಾಯಿಗೆ ಹಲಗೆ ಬಡಿದಿದ್ದರು.

ಗಲಾಟೆ ಕೇಳಿ ಹೆದ್ದಾರಿಯಾಚೆಯಿಂದ ಎಂಬತ್ತು ದಾಟಿದ ಶೀನ ಬಂದ. ಜಲಜಳ ಮಾವನ ಜೊತೆ ಮೀನಿಗೆ ಹೋಗುತ್ತಿದ್ದವನು. ನೋಡಿದವನೇ, "ಕೊಯ್ದದ್ದ್ ನಾವೇ," ಎಂದ. "ಇಬ್ರೂ ಎಳ್ದದ್ದಲ್ದಾ, ಅರ್ಧರ್ಧ. ನಂದ್ ಕೋಳಿಗೂಡಿನ್ ಮೇಲೆ ಕವ್ಚಿ ಹಾಕಿತ್ತ್."

ಸುಗಂಧಿ ಚಪ್ಪಲಿ ಹಾಕಿಕೊಳ್ಳದೆ ಓಡಿದಳು. ಹೊಳೆಬದಿಯಲ್ಲಿ ಶೀನನ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಇತ್ತ ಕಡಲು, ಅತ್ತ ಹೊಳೆ, ನಡುವೆ ಹೆದ್ದಾರಿ. ಜಲಜ ಮೀನಿನ ಬುಟ್ಟಿ ಎತ್ತಿ ಹಿಡಿದು ಬಸ್ಸು ಲಾರಿಗಳನ್ನು ನಿಲ್ಲಿಸಿದಳು, ಅಣ್ಣ ತಂಗಿ ವಿಮಾನದ ಹಿಂದಿನರ್ಧ ಹೊತ್ತು ರಸ್ತೆ ದಾಟಿದರು. ಅಂಗಳದಲ್ಲಿ ಮರಿಗೆಯ ಹಲಗೆ ಕಿತ್ತು, ಎರಡನ್ನೂ ಎದುರುಬದುರಾಗಿಟ್ಟು ಮೆಲ್ಲಗೆ ನೂಕಿದರು. ಗರಗಸದ ಸೊಟ್ಟ ಗೆರೆ ಸೊಟ್ಟ ಗೆರೆಗೇ ಹೋಗಿ ಕೂತಿತು.

ಜಲಜ ಆ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು: "ವಿಮಾನದ್ ಒಳ್ಗಿದ್ದವ್ರ್ ಎಂತಾಯ್ರೇನೋ?"

ಸುಗಂಧಿ ಕೈ ಒರೆಸಿಕೊಂಡಳು. ತೆರೆ ಜೋರಾಗಿದ್ದಾಗ ನೀರಿಗಿಳಿದರೆ ತೇಲು ಮಾತ್ರ ಕಿತ್ತು ಹೋಗುವುದುಂಟು, ವಿಮಾನ ಮನೆ ಸೇರಿರಲೂ ಸಾಕು ಎಂದಳು. ಸೇರಿರಲಿ ಎಂದೇ ಅವಳ ಆಸೆ. ಖಚಿತವಾಗಿ ಅವಳಿಗೂ ಗೊತ್ತಿರಲಿಲ್ಲ.

ಜಲಜ ಮರಿಗೆ ಕೊಡಲು ಒಪ್ಪಿದಳು. ದನಕ್ಕೆ ಪಾಂಡು ಹಲಸಿನ ಮರದ ಹೊಸ ಮರಿಗೆ ಕೆತ್ತಿಕೊಟ್ಟ. ಶೀನನ ಕೋಳಿಗೂಡಿಗೆ ತಗಡು ಬಂತು. ಒಳಗಿಂದ ಪಟ್ಟಿ ಕೊಟ್ಟು ಬೆಸೆದ ತೇಲು ಈಗ ಹಂಗಾರಕಟ್ಟೆಯಲ್ಲಿ, ಪಾಂಡುವಿನ ದೋಣಿ ಚಪ್ಪರದಡಿ ಇದೆ. ಅದನ್ನು ರೆಕ್ಕೆಗೆ ಹಿಡಿದಿಡುತ್ತಿದ್ದ ಕೋಲು ಸಿಕ್ಕಿಲ್ಲ. ಸುಗಂಧಿ ಭಾನುವಾರ ಅಂಗಡಿ ಮುಚ್ಚಿ ಗಂಗೊಳ್ಳಿಯಿಂದ ಶಿರೂರಿನವರೆಗೆ ಮೀನುಗಾರರ ಹಿತ್ತಿಲುಗಳನ್ನು ಸುತ್ತುತ್ತಾಳೆ. ಬಟ್ಟೆ ಒಣಗಿಸುವ ಕಂಬ ಕಂಡರೂ ಸಾಕು, ಹತ್ತಿರ ಹೋಗಿ ತಟ್ಟುತ್ತಾಳೆ. ಮೀನು ಮಾರಿ ಮುಗಿದ ದಿನ ಜಲಜಳೂ ಜೊತೆಗಿರುತ್ತಾಳೆ.