ತಾಂಬಾದ ಕಾರಿನ ಮೇಲೆ ಉಗಿ ಎಂಜಿನ್

ಮೂರು ವರ್ಷಗಳ ಹಿಂದಿನ ಮಾತು. ಇಂಡಿ ಪಟ್ಟಣದಲ್ಲಿ ನಾನು ಕಾರು ಪೇಂಟಿಂಗ್ ಅಂಗಡಿ ಇಟ್ಟು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ನೆಗ್ಗಿದ ಬಂಪರ್, ಗೀರು ಬಿದ್ದ ಡೋರ್, ಇವೇ ನಿತ್ಯದ ಕೆಲಸ. ಏರ್‌ಬ್ರಷ್ ಹಿಡಿಯುವ ಅವಕಾಶ ವರ್ಷಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಪೆನ್ನಿನಂಥ ಆ ಸಣ್ಣ ಗನ್ನಿನಿಂದ ಬಣ್ಣ ಮಂಜಿನ ಹಾಗೆ ಹೊರಬರುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆಯನ್ನೂ ಎಳೆಯಬಹುದು.

ಒಂದು ಬೆಳಿಗ್ಗೆ ತಾಂಬಾ ಎಂಬ ಊರಿನ ಶಿಕ್ಷಕಿ ಶಮೀಮ್ ತಮ್ಮ ಬಿಳಿ ಕಾರು ತಂದರು. ಜೊತೆಗೆ ಅವರ ತಂದೆ ದಸ್ತಗೀರಸಾಬ್ ಇದ್ದರು. ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ರೈಲ್ವೆ ಸೇರಿ, ಡ್ರೈವರ್ ಆಗಿ ನಿವೃತ್ತರಾದವರು. ಗ್ಲಾಕೋಮಾದಿಂದ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಸ್ವಲ್ಪ ದೃಷ್ಟಿ ಉಳಿದಿತ್ತು.

"ಅಪ್ಪನ ಎಂಜಿನ್ನಿನ ಚಿತ್ರಾ ಈ ಬಾಜೂಕ ತಗೀರಿ," ಎಂದು ಶಮೀಮ್ ಎಡಬದಿಯ ಎರಡೂ ಡೋರ್ ತೋರಿಸಿದರು. "ಆದ್ರ ಜಲ್ದಿ ಆಗಬೇಕ್ರಿ. ಕಣ್ಣ ಇರೂದ್ರಾಗ ಅವರು ನೋಡಬೇಕು."

"ಹತ್ತ ದಿನದಾಗ ಕೊಡ್ತೇನ್ರಿ ಅಕ್ಕೋರ," ಎಂದೆ.

ದಸ್ತಗೀರಸಾಬರು ಒಂದು ಕಪ್ಪುಬಿಳುಪು ಫೋಟೋ ಕೊಟ್ಟರು. "ಹೊಗಿ ಕರ್ರಗ ದಪ್ಪ ತಗೀಬ್ಯಾಡಪಾ. ಬೆಂಕಿ ಚಲೋ ಇದ್ರ ಹೊಗಿ ತೆಳ್ಳಗ ಬರತೈತಿ. ಕರ್ರಗ ಬಂತಂದ್ರ ಫೈರ್‌ಮನ್‌ಗ ಕೆಲಸ ಬರೂದಿಲ್ಲಂತ ಅರ್ಥ."

ಎಂಟನೆಯ ದಿನಕ್ಕೆ ಎಂಜಿನ್ ಮುಗಿಯಿತು. ಬಾಯ್ಲರ್, ಗಾಲಿ, ಗಾಲಿಗಳನ್ನು ಜೋಡಿಸುವ ರಾಡು, ಎಲ್ಲವೂ ಫೋಟೋದಲ್ಲಿದ್ದಂತೆಯೇ ಬಂದಿದ್ದವು. ಹೊಗೆ ಮಾತ್ರ ಒಲಿಯಲಿಲ್ಲ. ಬಿಳಿ ಬಣ್ಣದ ಮೇಲೆ ತೆಳು ಹೊಗೆ ಕಾಣುವುದೇ ಇಲ್ಲ. ಹಿಂದೆ ಆಕಾಶ ಬರೆದೆ. ಅದು ಎಂಜಿನ್ನನ್ನೇ ಮಂಕು ಮಾಡಿತು. ಪಾಲಿಶ್ ಪೇಪರಿನಿಂದ ಉಜ್ಜಿ ತೆಗೆದೆ, ಮತ್ತೆ ಬರೆದೆ, ಮತ್ತೆ ಉಜ್ಜಿದೆ.

ಶಮೀಮ್ ಫೋನ್ ಮಾಡಿದರು. "ಎಷ್ಟ ಆಗೈತಿ ಅಷ್ಟ ತೋರಸ್ರಿ. ಅಪ್ಪನ್ನ ಕರಕೊಂಡ ಬರ್ತೇನಿ."

"ಅರ್ಧಾ ಆದ ಕೆಲಸ ನಾ ಯಾರಿಗೂ ತೋರಸಂಗಿಲ್ರಿ."

ಇನ್ನೊಮ್ಮೆ ಕೇಳಿದಾಗಲೂ ಅದನ್ನೇ ಹೇಳಿದೆ.

ಕೊನೆಗೂ ಹೊಗೆ ಮನಸ್ಸಿಗೆ ಬಂದ ಮೇಲೆ, ಮೂವತ್ತಾರನೆಯ ದಿನ, ಬಣ್ಣ ಕಾಯುವ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಹೊಡೆದು, ಗಾಜಿನ ಹಾಗೆ ಹೊಳಪು ಕೊಟ್ಟು ಅವರನ್ನು ಕರೆದೆ. ದಸ್ತಗೀರಸಾಬರು ಮಗಳ ತೋಳು ಹಿಡಿದು, ಕಾಲಿನಿಂದ ನೆಲ ತಡವುತ್ತ ಬಂದರು. "ನೋಡ್ರಿ ಚಾಚಾ," ಎಂದೆ, ಉತ್ಸಾಹದಲ್ಲಿ.

"ಹೋದ ವಾರ ಕಣ್ಣ ಪೂರಾ ಹೋತ್ರಿ," ಎಂದರು ಶಮೀಮ್ ಮೆಲ್ಲಗೆ.

ಮುದುಕರು ಕೈ ಚಾಚಿ ಡೋರ್ ಸವರಿದರು. ನಾನು ಕೊಟ್ಟ ಹೊಳಪಿನಲ್ಲಿ ಬೆರಳಿಗೆ ಒಂದು ಗೆರೆಯೂ ಸಿಗುವಂತಿರಲಿಲ್ಲ.

"ಎಲ್ಲಾ ನುಣ್ಣಗ ಐತಿ. ಗಾಲಿ ಎಲ್ಲಿ ಅದಾವಪಾ?"

ಅವರ ಬೆರಳು ಹಿಡಿದು ಒಂದೊಂದೇ ಗಾಲಿಯ ಸುತ್ತ ತಿರುಗಿಸಿದೆ. ಬಾಯ್ಲರ್ ದಾಟಿ ಬೆರಳು ಚಿಮಣಿಗೆ ಬಂತು.

"ಹೊಗಿ ತೆಳ್ಳಗ ಐತೇನು?" ಅವರೇ ಕೇಳಿದರು.

"ಐತ್ರಿ ಚಾಚಾ."

"ಹಂಗಾರ ಚಲೋ ಆತು," ಎಂದು ಕೈ ಹಿಂದೆ ತೆಗೆದುಕೊಂಡರು.

ತಂದೆಯನ್ನು ಕಾರಿನಲ್ಲಿ ಕೂರಿಸಿದ ಮೇಲೆ ಶಮೀಮ್ ಒಂದೇ ಮಾತು ಕೇಳಿದರು. "ಎಂಜಿನ್ ಯಾವಾಗ ಮುಗದಿತ್ರಿ?"

"ಎಂಟನೇ ದಿನಕ್ರಿ."

ಅವರು ತಲೆಯಾಡಿಸಿ ಹೊರಟುಹೋದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅರ್ಧ ಕೆಲಸ ತೋರಿಸದಿರುವುದನ್ನು ಆಗ ಕೆಲಸದ ಮೇಲಿನ ನಿಷ್ಠೆ ಎಂದುಕೊಂಡಿದ್ದೆ. ನಿಜವಾಗಿ ನನಗೆ ಬೇಕಿದ್ದುದು ಹೊಗಳಿಕೆ. ಈಗ ಯಾರೇ ಕೇಳಲಿ, ಬಣ್ಣ ಹಸಿಯಿದ್ದರೂ ತೋರಿಸುತ್ತೇನೆ. ಕೆಲಸ ಎಲ್ಲಿಗೆ ಸಾಕು ಎಂದು ಹೇಳುವ ಹಕ್ಕು ಮಾಡಿಸಿಕೊಳ್ಳುವವರಿಗೂ ಇದೆ. ಇಪ್ಪತ್ತೆರಡು ವರ್ಷದಲ್ಲಿ ಕಲಿಯದ ಇದನ್ನು ನಾನು ಕಲಿತದ್ದು ಎಂಜಿನ್ ಮುಗಿದ ನಂತರವೂ ದಸ್ತಗೀರಸಾಬರನ್ನು ಇಪ್ಪತ್ತೆಂಟು ದಿನ ಕಾಯಿಸಿದ ಮೇಲೆ.