ಅಕ್ಕನ ಫೋಟೋ ಹಾಕಿಕೊಂಡವರು

ಅಕ್ಕನ ಜೀವನ ವೃತ್ತಾಂತವನ್ನು ಬರೆದದ್ದು ನಾನು. ಮಣ್ಣಿಗೆ ಒಯ್ಯುವ ಮುನ್ನ ತೀರಿಹೋದವರ ಬದುಕನ್ನು ಒಂದು ಪುಟದಲ್ಲಿ ಬರೆದು ಚರ್ಚಿನಲ್ಲಿ ಓದುವುದು ನಮ್ಮ ಸಭೆಯ ರೂಢಿ. ಎಂ.ಎ. ಓದಿದವಳೆಂದು ಆ ಕೆಲಸ ನನಗೆ ಬಂತು. ವಿದ್ಯಾನಗರದ ಆಸ್ಪತ್ರೆಯಲ್ಲಿ ದೇಹ ಕೊಡುವುದನ್ನು ಕಾಯುತ್ತ, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕುಳಿತು ಬರೆದ ನೆನಪು. ಅಲ್ಲಿ ಕಿಟಕಿ ಇತ್ತೇ? ಖಚಿತವಿಲ್ಲ. ನನ್ನ ನೆನಪನ್ನು ನಾನು ನಂಬುವವಳಲ್ಲ. ಅದಕ್ಕೇ ಅವಳ ಕಾಗದಪತ್ರಗಳ ಫೈಲನ್ನು ತರಿಸಿಕೊಂಡು, ನೋಡಿ ನೋಡಿ ಬರೆದೆ. ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ಅಪ್ಪನ ಪೂರ್ತಿ ಹೆಸರು, ಅವ್ವನ ತವರಿನ ಅಡ್ಡಹೆಸರು, ಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿದ ವರ್ಷ. ಒಂದೂ ತಪ್ಪಿರಬಾರದು, ಅವಳಿಗೆ ನಾನು ಕೊಡಬಹುದಾದ ಗೌರವ ಅಷ್ಟೇ ಅಂದುಕೊಂಡಿದ್ದೆ. ಫೋಟೋ ಸಮೇತ ಅಚ್ಚಾಯಿತು. ಹಳೆಯ ವಿದ್ಯಾರ್ಥಿಗಳು ಆ ಹಾಳೆಯ ಚಿತ್ರವನ್ನು ಫೋನಿನಲ್ಲಿ ಹಿಡಿದು ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಸಾಂತ್ವನದ ಮಾತು ನೇರವಾಗಿ ತಲುಪಲೆಂದು ಅವ್ವನನ್ನೂ ಆ ಗುಂಪಿಗೆ ಸೇರಿಸಿದರು. ಹಾಳೆ ಅಲ್ಲಿಂದ ಎಲ್ಲೆಲ್ಲಿಗೆ ಹೋಯಿತೋ.

ಎರಡು ತಿಂಗಳ ಮೇಲೆ, ತಾರಿಹಾಳದಲ್ಲಿ ಲೇಥ್ ಮಷಿನ್ ಇಟ್ಟುಕೊಂಡಿರುವ ಅಕ್ಕನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ.

“ಸಣ್ಣಕ್ಕಾರ, ಯಾರೋ ಟೀಚರ್ ಫೋಟೋ ಹಚ್ಚಿಕೊಂಡು ಮೆಸೇಜ್ ಮಾಡಾಕತ್ತಾರ್ರಿ. ಹೊಸಾ ನಂಬರ್. ‘ಪ್ರೀತಿಯ ವಿದ್ಯಾರ್ಥಿ, ನಿನ್ನ ಫೋನಿಗೆ ಒಂದು ಕೋಡ್ ಬರುತ್ತದೆ, ನನಗೆ ಕಳಿಸು’ ಅಂತ.”

“ನೀವು ಏನಂದ್ರಿ?”

“ಪೆಟ್ಟಿಗಿಗೆ ಹೆಗಲು ಕೊಟ್ಟಾಂವ್ರಿ ನಾ. ನನಗ ಕೇಳ್ತಾರ! ಅದೂ ‘ಪ್ರೀತಿಯ’ ಅಂತ. ಟೀಚರ್ ನನಗ ಕತ್ತೆ ಅನ್ನೂದು ಬಿಟ್ಟು ಮತ್ತೇನರ ಅಂದಿದ್ರ ಹೇಳ್ರಿ.”

ಇಬ್ಬರೂ ನಕ್ಕೆವು. ಆಮೇಲೆ ಅವನು ದನಿ ತಗ್ಗಿಸಿದ. ಪುಣೆಯಲ್ಲಿರುವ ಒಬ್ಬ ವಿದ್ಯಾರ್ಥಿನಿ ಗುಂಪಿನ ಸುದ್ದಿಯನ್ನು ತೆಗೆದು ನೋಡಿರಲಿಲ್ಲ. ಟೀಚರ್ ತೀರಿಕೊಂಡದ್ದು ಅವಳಿಗೆ ಗೊತ್ತೇ ಇರಲಿಲ್ಲ. ಆದರೂ ಸಂಶಯ ಬಂದು ಹುಟ್ಟಿದ ದಿನ ಕೇಳಿದಳಂತೆ, ಅಪ್ಪನ ಹೆಸರು ಕೇಳಿದಳಂತೆ. ಎರಡಕ್ಕೂ ಸರಿಯಾದ ಉತ್ತರ ಬಂತು. ಕೋಡ್ ಕೊಟ್ಟಳು. ಅವಳ ಖಾತೆ ಕಳ್ಳರ ಪಾಲಾಯಿತು.

“ಟೀಚರ್ ಹೇಳಿದ ಮ್ಯಾಲೆ ಇಲ್ಲ ಅನ್ನಾಕ ಬರತೈತೇನ್ರಿ ನಮಗ?” ಎಂದ.

ಇಪ್ಪತ್ತೈದು ವರ್ಷ ಮಕ್ಕಳು ಅಕ್ಕನ ಮಾತನ್ನು ನಂಬಿ ನಡೆದಿದ್ದರು. ಈಗ ಕಳ್ಳರು ಅದೇ ನಂಬಿಕೆಯಿಂದ ಅವರನ್ನು ಸುಲಿಯುತ್ತಿದ್ದರು, ಮತ್ತು ಆ ಕಳ್ಳರಿಗೆ ಉತ್ತರಗಳನ್ನು ತಪ್ಪಿಲ್ಲದೆ ಬರೆದುಕೊಟ್ಟವಳು ನಾನು.

ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದ ಹೆಣ್ಣುಮಗಳು ಆ ಹಾಳೆಯನ್ನು ಎರಡು ಸಲ ಓದಿದಳು.

“ಭಾಳ ಛಲೋ ಬರದಾರ್ರಿ. ಯಾರ್ರಿ ಬರದದ್ದು?”

“ನಾನೇ.”

ಅವಳು ಹಾಳೆಯನ್ನು ಮಡಚಿ ದೂರಿನ ಜೊತೆ ಇಟ್ಟಳು. ಅಕ್ಕನ ಸಿಮ್ ಬಂದ್ ಮಾಡಿಸಬೇಕು, ಬ್ಯಾಂಕಿಗೆ ಮರಣ ಪ್ರಮಾಣಪತ್ರ ಕೊಡಬೇಕು, ಆ ಹೊಸ ನಂಬರನ್ನು ಎಲ್ಲರೂ ಬ್ಲಾಕ್ ಮಾಡಬೇಕು, ಯಾರೂ ಉತ್ತರ ಕೊಡಬಾರದು ಎಂದಳು. ಅಕ್ಕನ ಆಧಾರ್ ಝೆರಾಕ್ಸ್ ಎಲ್ಲಿ ಕೊಟ್ಟರೂ ಅಡ್ಡಗೆರೆ ಎಳೆದು, ಯಾವ ಕೆಲಸಕ್ಕೆಂದು ಅದರ ಮೇಲೆ ಬರೆದೇ ಕೊಡಬೇಕಂತೆ. ಅಲ್ಲೇ ಕುಳಿತು ಐದು ಪ್ರತಿಗಳ ಮೇಲೆ ಗೆರೆ ಎಳೆದೆ. ಮುಖವನ್ನು ತಪ್ಪಿಸಿ ಎಳೆಯಲು ನೋಡಿದೆ. ಅಷ್ಟು ಜಾಗವಿರಲಿಲ್ಲ.

ಕಮರಿಪೇಟೆಯ ಮನೆಗೆ ಬಂದು ಅವ್ವನ ಫೋನ್ ಕೇಳಿದೆ.

“ನನ್ನ ಫೋನ್ನಾಗ ನೋಡೂದು ಏನೈತಿ?” ಎಂದಳು. ಎರಡನೆಯ ಸಲ ಕೇಳಿದಾಗ ಕೊಟ್ಟಳು.

ಹನ್ನೊಂದು ದಿನಗಳ ಮಾತುಕತೆ ಅದರಲ್ಲಿತ್ತು. ಮೊದಲ ಮೆಸೇಜ್ ಎಲ್ಲರಿಗೂ ಬಂದಂಥದೇ, ‘ಪ್ರೀತಿಯ ವಿದ್ಯಾರ್ಥಿ’. ಅದಕ್ಕೆ ಅವ್ವನ ಉತ್ತರ: ‘ನಾ ವಿದ್ಯಾರ್ಥಿ ಅಲ್ಲ. ನಿಮ್ಮವ್ವ.’ ಆ ಕಡೆಯಿಂದ: ‘ಸಾರಿ ಅಮ್ಮ. ಊಟ ಆಯ್ತಾ?’ ಅವ್ವ: ‘ಅಮ್ಮ ಅಲ್ಲ. ಅವ್ವ ಅನ್ನು.’ ಮರುದಿನದಿಂದ ಅವರು ಅವ್ವ ಎಂದೇ ಬರೆದಿದ್ದರು. ನಾಲ್ಕನೆಯ ದಿನದ ಹೊತ್ತಿಗೆ ‘ಊಟ ಆಯ್ತಾ’ ಹೋಗಿ ‘ಊಟ ಆತೇನವ್ವಾ’ ಬಂದಿತ್ತು. ಅದನ್ನೂ ಅವ್ವನೇ ತಿದ್ದಿಕೊಟ್ಟಿದ್ದಳು.

“ಅವ್ವಾ, ಇದು ಅಕ್ಕ ಅಲ್ಲ.”

“ನನಗ ಗೊತ್ತಿಲ್ಲೇನ? ನನ್ನ ಕೈಲೆ ಮಣ್ಣು ಹಾಕಿ ಬಂದೇನಿ.”

“ಕೋಡ್ ಕೊಟ್ಟೇನು?”

“ಇಲ್ಲ. ಕೊಟ್ರ ಬಿಟ್ಟು ಹೋಗ್ತಾರ. ಇವತ್ತ ಕಣ್ಣು ಸರಿ ಕಾಣವಲ್ವು, ನಾಳಿಗೆ ಕೊಡ್ತೇನಿ ಅಂತ ದಿನಾ ಹೇಳೇನಿ.” ಫೋನಿನ ಕಡೆ ಕೈ ತೋರಿಸಿ ಅಂದಳು, “ಮುಂಜಾನೆದ್ದು ನೋಡಿದ್ರ ಅಕಿ ಫೋಟೋ ಮ್ಯಾಲೆ ಬಂದಿರತಿತ್ತು.”

ನನಗೆ ಏನಾದರೂ ಹೇಳಬೇಕಾಗಿತ್ತು. “ಅಕ್ಕ ಊಟ ಆತೇನು ಅಂತ ಎಲ್ಲಿ ಕೇಳತಿದ್ಲು? ಗುಳಿಗಿ ತಗೊಂಡೇನು ಅಂತ ಕೇಳತಿದ್ಲು” ಎಂದೆ.

“ಗುಳಿಗಿ ಕೇಳಾಕಿ ನೀನು. ಅಕಿ ಊಟಾನ ಕೇಳತಿದ್ಲು.”

ಇರಬಹುದು. ಅಕ್ಕನ ಬಾಯಲ್ಲಿ ನಾನು ನೆನಪಿಟ್ಟುಕೊಂಡ ಮಾತುಗಳಲ್ಲಿ ನನ್ನವು ಎಷ್ಟಿವೆಯೋ. ಕೇಳಿ ತಿಳಿಯಲು ಅವಳಿಲ್ಲ.

ಪೊಲೀಸರಿಗೆಂದು ಎಲ್ಲ ಮೆಸೇಜುಗಳ ಚಿತ್ರ ತೆಗೆದುಕೊಂಡೆ. “ನೀ ಉತ್ತರಾ ಕೊಡೂ ತನಕ ಅವರು ಅಕ್ಕನ ಹೆಸರು ಬಿಡೂದಿಲ್ಲವ್ವಾ. ಬ್ಲಾಕ್ ಮಾಡ್ತೇನಿ” ಎಂದೆ.

“ತಡಿ,” ಎಂದು ಫೋನ್ ಇಸಿದುಕೊಂಡಳು. ಒಂದೇ ಬೆರಳಿನಿಂದ ಬಹಳ ಹೊತ್ತು ಬರೆದಳು. ನಡುವೆ ಅಳಿಸಿದಳು, ಮತ್ತೆ ಬರೆದಳು. ಉತ್ತರ ಕೊಡಬಾರದು ಎಂದು ಠಾಣೆಯಲ್ಲಿ ಹೇಳಿದ್ದರು, ನಾನು ತಡೆಯಲಿಲ್ಲ. ಕಳಿಸಿದ ಮೇಲೆ ತಾನೊಂದು ಸಲ ಓದಿಕೊಂಡು ಫೋನನ್ನು ನನ್ನ ಕೈಗಿಟ್ಟಳು.

“ಈಗ ತಗಿ.”

ಓದದೆ ಬ್ಲಾಕ್ ಒತ್ತಿದೆ, ಮಾತುಕತೆಯನ್ನೆಲ್ಲ ಅಳಿಸಿದೆ. ಅವ್ವ ಎದ್ದು ಒಳಗೆ ಹೋಗಿ ಹಾಸಿಗೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಏನು ಬರೆದಳೋ, ಅದು ಯಾರ ಕೈ ಸೇರಿತೋ. ನಾನು ಇಂದಿಗೂ ಕೇಳಿಲ್ಲ.